ಕೌದಿ ಮಗುಚಿ ನೋಡಿ

ಗೆಳತಿಯೊಬ್ಬಳು ಬೆಂಗಳೂರಿನ ಯಾವುದೋ ಅಂಗಡಿಯಿಂದ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ಬಿದಿರಿನ ಕೋಲಿಗೆ ನೇತು ಹಾಕಿದ್ದ ಕೌದಿ, ಪಕ್ಕದಲ್ಲೊಂದು ಪುಟ್ಟ ಚೀಟಿ, ಬೆಲೆ 11,500 ರೂಪಾಯಿ. ‘ನಿಮ್ ಕಡೇದೇ ಅಂತೆ ಕಣೇ, ತಗೊಳ್ಳಾ?’ ಅಂತ ಕೇಳಿದ್ದಳು. ಬಣ್ಣ ಜೋಡಿಸಿದ ರೀತಿ ಚೆನ್ನಾಗೇ ಇತ್ತು. ‘ಮಗುಚಿ ಹಾಕಿ ಹಿಂದಿನದೊಂದು ಫೋಟೊ ಕಳಿಸು’ ಅಂದೆ. ಅಂಗಡಿಯವರು ಮುಖ ಸಿಂಡರಿಸಿದರಂತೆ, ಆದರೂ ಕಳಿಸಿದಳು. ಹಿಂದುಗಡೆ ಇನ್ನೂ ಒಂದು ನೀರು ಕಾಣದ ಹೊಸ ಬಟ್ಟೆ. ತುಂಡುಗಳನ್ನೆಲ್ಲ ಮಶಿನ್ನಿನಲ್ಲಿ ಕೂಡಿಸಿ, ಮೇಲೆ ಗೇಣಿಗೊಂದರಂತೆ ದಪ್ಪ ದಾರವನ್ನು ಕೈಯಲ್ಲಿ ಎಳೆದಿದ್ದರು. ಆ ದಾರವನ್ನೆಲ್ಲ ಕಿತ್ತು ಹಾಕಿದರೂ ಕೌದಿಗೆ ಏನೂ ಆಗುವುದಿಲ್ಲ. ಬೇಡ ಅಂದೆ.

ಹೀಗೆ ತೀರ್ಪು ಕೊಡೋದಕ್ಕೆ ನೀನ್ಯಾರು ಅಂತ ಅವಳು ಕೇಳಲಿಲ್ಲ, ಕೇಳಬಹುದಿತ್ತು. ನನ್ನ ಅರ್ಹತೆ ಇಷ್ಟೇ: ಎರಡು ವರ್ಷದಲ್ಲಿ ಮೂರು ಕುರ್ತಾ ಹೊಲಿದಿದ್ದೇನೆ, ಅದರಲ್ಲಿ ಒಂದನ್ನು ಹಾಕಿಕೊಳ್ಳಬಹುದು. ಮತ್ತೆ ಮುಕ್ಕಾಲು ಕೌದಿ.

ಹೊಸಪೇಟೆಯಲ್ಲಿ ನಾವು ಬೆಳೆಯುವಾಗ ಎಸ್ಸೆಸ್ಸೆಲ್ಸಿ ರಜೆ ಅಂದರೆ ಹುಡುಗಿಯರಿಗೆ ಟೈಲರಿಂಗ್ ಕ್ಲಾಸು. ಪೇಪರಿನಲ್ಲಿ ಬ್ಲೌಸ್ ಕತ್ತರಿಸೋದು, ಕಾಜಾ ಮಾಡೋದು, ಹುಕ್ಕು ಹಾಕೋದು. ನಾನು ಪೇಪರ್ ಬ್ಲೌಸಿನಿಂದ ಮುಂದಕ್ಕೆ ಹೋಗಲಿಲ್ಲ. ಆಮೇಲೆ ಕಾಲೇಜು, ಬೆಂಗಳೂರು, ಸಾಫ್ಟ್‌ವೇರ್ ಟೆಸ್ಟಿಂಗು. ಹದಿನಾಲ್ಕು ವರ್ಷ ಸೂಜಿ ಹಿಡಿದಿದ್ದು ಬಟನ್ ಕಿತ್ತು ಹೋದಾಗ ಮಾತ್ರ. ಮತ್ತೆ ಶುರು ಮಾಡಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ. ನಮ್ಮ ಕೆಲಸದಲ್ಲಿ ಯಾವುದೂ ‘ಮುಗೀತು’ ಅಂತ ಆಗೋದಿಲ್ಲವಲ್ಲ, ಮುಗಿಯುವಂಥದ್ದು ಒಂದು ಬೇಕಿತ್ತು. ತಿಂಗಳಿಗೆರಡು ಸಲ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗ್ತೀನಿ, ಅಲ್ಲಿ ಅಮ್ಮನ ಕಾಲ್ತುಳಿತದ ಮಶಿನ್ ಇದೆ.

ಮೊದಲ ಕುರ್ತಾದ ಕಥೆ ಹೇಳಲೇಬೇಕು. ಕೈಮಗ್ಗದ ಬಟ್ಟೆ ತಂದು, ನೀರಿಗೆ ಹಾಕದೆ ಹಾಗೇ ಕತ್ತರಿಸಿದೆ. ಕಂಕುಳು ಸಡಿಲ ಇರಲಿ ಅಂತ ತೋಳಿನ ಸುತ್ತಳತೆಯನ್ನು ಎರಡು ಇಂಚು ಕೆಳಕ್ಕಿಳಿಸಿದೆ. ಹೊಲಿದು ಹಾಕಿಕೊಂಡು ಬಸ್ಸಿನ ಕಂಬಿ ಹಿಡಿಯುವ ಹಾಗೆ ಕೈ ಎತ್ತಿದರೆ ಇಡೀ ಕುರ್ತಾ ಸೊಂಟಕ್ಕೆ ಬಂತು. ಅಮ್ಮ ನಕ್ಕು, ‘ಕಂಕುಳು ಮ್ಯಾಲಿದ್ರ ಕೈ ಆಡತೈತಿ, ಕೆಳಗಿದ್ರ ಅಂಗೀನೇ ಆಡತೈತಿ’ ಅಂದಳು. ನಿಜ. ಸಡಿಲ ಮಾಡಿದಷ್ಟೂ ಬಿಗಿಯಾಗುವ ಜಾಗ ಅದು. ಹಳೆಯ ಕಾಲದವರು ಇದಕ್ಕೆ ಪರಿಹಾರ ಕಂಡುಕೊಂಡಿದ್ದರು: ಬಟ್ಟೆಯನ್ನು ನೇರ ಪಟ್ಟಿಗಳಾಗಿ ಹರಿದು, ಪಕ್ಕಕ್ಕೆ ಕಳಿ ಕೊಟ್ಟು, ಕಂಕುಳಲ್ಲಿ ಒಂದು ಸಣ್ಣ ಚೌಕದ ತುಂಡು ಕೂಡಿಸೋದು. ಆ ಚೌಕ ತುಂಡು ಕೈಯ ಜೊತೆ ತೆರೆದುಕೊಳ್ಳುತ್ತದೆ. ಬಟ್ಟೆ ವ್ಯರ್ಥ ಆಗೋದೂ ಇಲ್ಲ, ಯಾಕಂದ್ರೆ ಎಲ್ಲಾ ಚೌಕ ಇಲ್ಲಾ ತ್ರಿಕೋನ. ಇಷ್ಟೆಲ್ಲ ಕಲಿತು ಆ ಕುರ್ತಾವನ್ನು ಸರಿ ಮಾಡಿದೆ. ಒಗೆದ ಮೇಲೆ ಅದು ಒಂದು ಸೈಜ್ ಚಿಕ್ಕದಾಯಿತು.

ಲೆಕ್ಕ ಹಾಕಿ ನೋಡಿ. ಬಟ್ಟೆಗೆ 950 ರೂಪಾಯಿ, ದಾರ-ಬಟನ್ನಿಗೆ ನೂರು, ನನ್ನ ಎರಡು ಭಾನುವಾರ. ಆನ್‌ಲೈನಿನಲ್ಲಿ ರೆಡಿಮೇಡ್ ಕುರ್ತಾ 700ಕ್ಕೆ ಬರುತ್ತೆ. ಮನೆಯಲ್ಲೇ ಹೊಲಿದುಕೊಂಡ್ರೆ ದುಡ್ಡು ಉಳಿಯುತ್ತೆ ಅನ್ನೋದು ಅಮ್ಮನ ಕಾಲದ ಸತ್ಯ, ನಮ್ಮ ಕಾಲದ್ದಲ್ಲ. ಹೊಲಿಗೆಯ ಬಗ್ಗೆ ಈಗ ಬರುವ ರೀಲುಗಳಲ್ಲಿ ಉಳಿತಾಯ, ನೆಮ್ಮದಿ, ಭೂಮಿ ಮೂರನ್ನೂ ಒಟ್ಟಿಗೆ ಉಳಿಸುವ ಮಾತು ಬರುತ್ತೆ. ಆ ಹುಡುಗಿಯರ ಕೈಯಲ್ಲಿರೋ ಬಟ್ಟೆ ಮಾತ್ರ ಯಾವಾಗಲೂ ಹೊಸದು.

ಅಜ್ಜಿ ತೀರಿಕೊಂಡ ಮೇಲೆ ಕಂಪ್ಲಿಯ ಮಾವನ ಮನೆಯಲ್ಲಿ ಅವಳ ಟ್ರಂಕು ತೆಗೆದರು. ಒಂಬತ್ತು ಸೀರೆ. ಅದರಲ್ಲಿ ಹತ್ತಿಯವು ನಾಲ್ಕು, ಉಳಿದ ಐದು ಸಿಂಥೆಟಿಕ್. ‘ಯಾರೂ ಉಡಾಂಗಿಲ್ಲ, ಕೌದಿ ಹೊಲಿಸಿದ್ರ ಛಲೋ’ ಅಂದರು ಅತ್ತೆ. ‘ನಾನೇ ಹೊಲೀತೀನಿ’ ಅಂದುಬಿಟ್ಟೆ. ಅತ್ತೆ ಅಮ್ಮನ ಮುಖ ನೋಡಿದರು.

ಕೌದಿ ಗೊತ್ತಿಲ್ಲದವರಿಗೆ: ಹಳೆಯ ಸೀರೆ, ಪಂಚೆಗಳನ್ನು ನಾಲ್ಕೈದು ಪದರ ಹಾಸಿ, ಮೇಲೆ ಕುಪ್ಪಸದ, ಅಂಗಿಯ ತುಂಡುಗಳನ್ನು ಜೋಡಿಸಿ, ಎಲ್ಲ ಪದರವನ್ನೂ ಹಿಡಿಯುವ ಹಾಗೆ ಉದ್ದಕ್ಕೂ ಸಣ್ಣ ನೇರ ಹೊಲಿಗೆ ಹಾಕಿದ ಹೊದಿಕೆ. ಸಾಲಿಂದ ಸಾಲಿಗೆ ಒಂದು ಬೆರಳ ಅಂತರ. ಹತ್ತಿ ತುಂಬೋದಿಲ್ಲ, ಚೌಕಟ್ಟಿಗೆ ಬಿಗಿಯೋದಿಲ್ಲ. ನೆಲದ ಮೇಲೆ ಹಾಸಿಕೊಂಡು, ಅದರ ಮೇಲೇ ಕೂತು, ತೊಡೆಯ ಭಾರವನ್ನೇ ಚೌಕಟ್ಟು ಮಾಡಿಕೊಂಡು ಹೊಲಿಯೋದು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಇದೇ ತರಹದ ಕವಂದಿ ಹೊಲೀತಾರೆ. ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತ ನಡುವಿಗೆ ಬರ್ತಾರೆ, ನಾಲ್ಕೂ ಮೂಲೆಗೆ ಹೂವು ಅಂತ ಮಡಚಿದ ತ್ರಿಕೋನದ ತುಂಡುಗಳನ್ನು ಇಡ್ತಾರೆ. ಹೂವಿಲ್ಲದ ಕವಂದಿ ಅವರ ಪ್ರಕಾರ ಬತ್ತಲೆ.

ಆ ಕೆಲಸಕ್ಕೆ ಕೈ ಹಾಕಿದ ಮೇಲೆ ನನಗೆ ಗೊತ್ತಾದ ಮೊದಲ ವಿಷಯ, ಕೌದಿಯ ನಿಜವಾದ ಕಚ್ಚಾವಸ್ತು ಬಟ್ಟೆ ಅಲ್ಲ, ಸವೆತ. ಇಪ್ಪತ್ತು ವರ್ಷ ಉಟ್ಟು, ಒಗೆದು, ಬಂಡೆಗೆ ಬಡಿದು, ಬಿಸಿಲಿಗೆ ಒಣಗಿಸಿದ ಹತ್ತಿ ಸೀರೆಯ ಐದು ಪದರದೊಳಗೆ ಸೂಜಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತೆ. ಹೊಸ ಬಟ್ಟೆಯಲ್ಲಿ ಎರಡನೇ ಪದರಕ್ಕೇ ನಿಲ್ಲುತ್ತೆ. ನಮ್ಮ ಪಕ್ಕದ ಬಳ್ಳಾರಿ ಜೀನ್ಸಿಗೆ ಹೆಸರುವಾಸಿಯಲ್ಲವಾ, ಅಲ್ಲಿಯ ಒಂದು ಘಟಕದಿಂದ ಕತ್ತರಿಸಿ ಉಳಿದ ಡೆನಿಮ್ ತುಂಡುಗಳನ್ನು ಒಂದು ಚೀಲ ತಂದು ಅಂಚಿಗೆ ಹಾಕೋಣ ಅಂತ ಹೊರಟೆ. ಮೂರು ಸೂಜಿ ಮುರಿಯಿತು. ಅಂಗೈ ಊದಿಕೊಂಡು ಸೋಮವಾರ ಕೀಬೋರ್ಡ್ ಒತ್ತೋಕೂ ಆಗಲಿಲ್ಲ.

ಸಿಂಥೆಟಿಕ್ ಸೀರೆಯದು ಇನ್ನೊಂದು ಕಥೆ. ಸೂಜಿ ಹೋಗುತ್ತೆ, ಆದರೆ ಪದರಗಳು ಒಂದರ ಮೇಲೊಂದು ಜಾರ್ತಾವೆ. ಬೆವರು ಹೀರೋದಿಲ್ಲ. ಮೈಗೆ ಒಗ್ಗೋದಿಲ್ಲ. ಕೌದಿ ಸಾಯ್ತಿರೋದು ಪಾಣಿಪತ್ತಿನ ಮೆತ್ತನೆ ಬ್ಲ್ಯಾಂಕೆಟ್ಟಿನಿಂದ ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ಅರ್ಧ ಕೊಲೆ ನಡೆದದ್ದು ಸೀರೆಯ ಕಪಾಟಿನೊಳಗೇ. ಅಜ್ಜಿಯ ಒಂಬತ್ತರಲ್ಲಿ ನಾಲ್ಕು ಹತ್ತಿ. ಅಮ್ಮನ ಕಪಾಟಿನಲ್ಲಿ ಹುಡುಕಿದರೆ ಎರಡು ಸಿಕ್ಕಾವು. ನನ್ನ ಹಳೆಯ ಬಟ್ಟೆಗಳಿಂದ ಮುಂದೆ ಯಾರಾದರೂ ಕೌದಿ ಹೊಲಿಯಲು ಕೂತರೆ ಲೆಗ್ಗಿಂಗ್ಸ್ ಸಿಗುತ್ತೆ.

ಈಗ ಸಂಡೂರಿಗೆ ಬರ್ತೀನಿ, ಯಾಕಂದ್ರೆ ನಮ್ಮ ಭಾಗದಲ್ಲಿ ಹೊಲಿಗೆ ಅಂದ ಕೂಡಲೇ ಜನ ಅದರ ಹೆಸರು ಹೇಳ್ತಾರೆ. ಹೊಸಪೇಟೆಯಿಂದ ಮೂವತ್ತು ಕಿಲೋಮೀಟರಿನ ಆಸುಪಾಸು. ಸಂಡೂರು ಲಂಬಾಣಿ ಕಸೂತಿಗೆ ಜಿ.ಐ. ಟ್ಯಾಗ್ ಇದೆ. 1988ರಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ಸುತ್ತಲಿನ ತಾಂಡಾಗಳ ಹೆಂಗಸರಿಗೆ ತರಬೇತಿ ಕೊಟ್ಟು, ಕೆಲಸ ಕೊಟ್ಟು, ಯುನೆಸ್ಕೊದ ಮನ್ನಣೆಯನ್ನೂ 2004 ಮತ್ತು 2012ರಲ್ಲಿ ಪಡೆದಿದೆ. ಈ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆ ಗುರುತಿಸ್ತಾರೆ. ಕಿಲನ್, ಸೂರ್ಯಕಾಂತಿ ಮಾಕಿ, ನಕ್ರಾ ಮುಂತಾದವುಗಳ ನಡುವೆ ಒಂದು ಹೊಲಿಗೆಯ ಹೆಸರೇ ‘ಕೌದಿ’. ಅದನ್ನು ಓದಿದಾಗ ನನಗೆ ಖುಷಿಯಾಯಿತು. ಕಂಪ್ಲಿಯ ಅಜ್ಜಿಗೂ ಸಂಡೂರಿನ ತಾಂಡಾಕ್ಕೂ ಒಂದು ದಾರದ ನಂಟಿದೆ ಅಂತ.

2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ ಈ ಕಸೂತಿಯ 1755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೆಲಸ. ನಾನು ಅಲ್ಲಿರಲಿಲ್ಲ, ಎಲ್ಲರ ಹಾಗೆ ಫೋಟೊ ನೋಡಿದೆ. ಕೆಂಪು, ನೀಲಿ, ಹಳದಿಯ ಒಂದು ದೊಡ್ಡ ಹಾಸು. ಹೆಮ್ಮೆ ಆಯಿತು, ಸುಳ್ಳು ಹೇಳಲ್ಲ. ಫೋಟೊವನ್ನು ಮನೆಯ ಗ್ರೂಪಿಗೂ ಹಾಕಿದೆ. ಆದರೆ ಸ್ವಲ್ಪ ಹೊತ್ತಾದ ಮೇಲೆ ಒಂದು ಪ್ರಶ್ನೆ ಬಂತು: ಇದರಲ್ಲಿ ನಾನು ನೋಡಿದ್ದೇನು? 1755 ಅನ್ನೋ ಸಂಖ್ಯೆ. ಆ ವಸ್ತುಗಳಲ್ಲಿ ಯಾವುದು ಅದ್ಭುತ, ಯಾವುದು ಸಾಧಾರಣ, ಯಾವಾಕೆಯ ಕೈ ಎಲ್ಲಿ ನಡುಗಿದೆ, ಯಾರು ಕನ್ನಡಿಯ ಸುತ್ತ ಬೇರೆಯವರಿಗಿಂತ ಒಂದು ಸುತ್ತು ಜಾಸ್ತಿ ಹಾಕಿದ್ದಾರೆ, ಏನೂ ಗೊತ್ತಾಗಲಿಲ್ಲ. ದಾಖಲೆಗೆ ಎಣಿಕೆ ಸಾಕು. ಒಂದು ಪುಸ್ತಕದ ಬಗ್ಗೆ ಬರೆಯುವವರು ‘ಇದರಲ್ಲಿ 84,000 ಪದಗಳಿವೆ’ ಅಂತ ಹೇಳಿ ಸುಮ್ಮನಾದರೆ ನಾವು ಒಪ್ಪುತ್ತೇವಾ?

ಆಮೇಲೆ ಸಂಡೂರಿಗೆ ಹೋಗಿ ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದೆ. ಮಗುಚಿಯೂ ನೋಡಿದೆ. ಅಲ್ಲೊಂದು ಚೀಲದ ಒಳಬದಿ ನೋಡಿ ದಂಗಾದೆ: ಗಂಟೇ ಕಾಣದು, ದಾರ ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಲೆಕ್ಕಾಚಾರದ್ದು. ಇದನ್ನು ಫೋಟೊ ತೆಗೆದು ಹಾಕಿದರೆ ಒಂದೂ ಲೈಕ್ ಬರೋದಿಲ್ಲ, ಆದರೆ ಕಲೆ ಇದ್ದದ್ದು ಅಲ್ಲಿ. ನನ್ನ ತಕರಾರು ಇರೋದು ಪೇಟೆಗೆ ಬರುವ ಲಂಬಾಣಿ ಕುಶನ್ ಕವರುಗಳ ಬಗ್ಗೆ. ಬೂದು ಬಟ್ಟೆ, ನಡುವೆ ಒಂದೇ ಒಂದು ಸಣ್ಣ ಕಸೂತಿಯ ಚೌಕ, ಸುತ್ತ ಖಾಲಿ. ನಮ್ಮಂಥ ಗಿರಾಕಿಗಳಿಗೆ ‘ಕಣ್ಣಿಗೆ ಹೊಡೆಯಬಾರದು’. ಲಂಬಾಣಿ ಹೆಂಗಸರ ಫೇಟಿಯಾ, ಕಾಂಚಳಿ ನೋಡಿದವರಿಗೆ ಗೊತ್ತು, ಅದು ಕಣ್ಣಿಗೆ ಹೊಡೆಯಲಿಕ್ಕೇ ಇರೋದು. ಖಾಲಿ ಜಾಗ ಬಿಡದಿರೋದೇ ಅದರ ವ್ಯಾಕರಣ. ಹಂಪಿಯಲ್ಲಿ ಪ್ರವಾಸಿಗರಿಗೆ ಮಾರುವ, ಹಳೆಯ ಲಂಗ ಕತ್ತರಿಸಿ ಮಾಡಿದ ಚೀಲಗಳಲ್ಲಿ ಈ ವ್ಯಾಕರಣ ಇನ್ನೂ ಉಳಿದಿದೆ, ದೂಳು ಹಿಡಿದು, ಚೂರುಚೂರಾಗಿ. ಹಾಗೆ ಕತ್ತರಿಸಿದ ಲಂಗವನ್ನು ಯಾರೋ ಮದುವೆಗೆ ಅಂತ ಹೊಲಿದುಕೊಂಡಿರ್ತಾರೆ ಅನ್ನೋದು ಬೇರೆ ಮಾತು.

ಇದು ನಮ್ಮಲ್ಲಿ ಮಾತ್ರ ನಡೆದ ಕಥೆಯಲ್ಲ. ಅಮೆರಿಕದಲ್ಲಿ 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅಲ್ಲಿಯ ಹಳೆಯ ಕ್ವಿಲ್ಟುಗಳನ್ನು ಗೋಡೆಗೆ ತೂಗುಹಾಕಿ ಪ್ರದರ್ಶನ ಮಾಡಿತು. ನೋಡಿದವರು ಇದೆಲ್ಲ ಆಧುನಿಕ ಚಿತ್ರಕಲೆಯ ಹಾಗೇ ಇದೆಯಲ್ಲ ಅಂತ ಬೆರಗಾದರು. ಎರಡು ವರ್ಷದ ನಂತರ ಪೆಟ್ರೀಷಿಯಾ ಮೈನಾರ್ಡಿ ಎಂಬ ಲೇಖಕಿ ಕ್ವಿಲ್ಟೇ ಅಮೆರಿಕದ ದೊಡ್ಡ ಕಲೆ ಅಂತ ವಾದಿಸಿ, ಹೆಂಗಸರ ಈ ಕಲೆಯನ್ನು ಗಂಡಸರ ಚಿತ್ರಗಳ ಅಳತೆಗೋಲಿನಿಂದ ಅಳೆಯುವುದನ್ನು ತರಾಟೆಗೆ ತೆಗೆದುಕೊಂಡರು. ಅಲಬಾಮಾದ ಜೀಸ್ ಬೆಂಡ್ ಎಂಬ ಕಪ್ಪು ಜನರ ಹಳ್ಳಿಯ ಕ್ವಿಲ್ಟುಗಳು 2002ರಲ್ಲಿ ಅದೇ ಮ್ಯೂಸಿಯಂಗೆ ಬಂದವು. ಈ ಸಲ ಹೊಲಿದವರ ಹೆಸರಿನ ಜೊತೆಗೆ.

ಜೀಸ್ ಬೆಂಡಿನ ಎರಡು ಸಂಗತಿ ನನ್ನ ತಲೆಯಿಂದ ಹೋಗಿಲ್ಲ. ಒಂದು, ಮಿಸ್ಸೂರಿ ಪೆಟ್‌ವೇ ಎಂಬಾಕೆ 1942ರಲ್ಲಿ, ತೀರಿಕೊಂಡ ಗಂಡನ ಹೊಲದ ಕೆಲಸದ ಬಟ್ಟೆಗಳಿಂದ ಹೊಲಿದ ಕ್ವಿಲ್ಟು. ಮಾಸಿದ ನೀಲಿ, ಬೂದು. ಅಂದವಾಗಿ ಕಾಣಬೇಕೆಂಬ ಪ್ರಯತ್ನವೇ ಇಲ್ಲ. ಅಜ್ಜಿಯ ಸೀರೆಗೆ ಕತ್ತರಿ ಹಾಕುವ ಮೊದಲು ಅದರ ಚಿತ್ರವನ್ನು ಎಷ್ಟೋ ಸಲ ನೋಡಿದ್ದೇನೆ. ಇನ್ನೊಂದು, ಆ ಭಾಗದ ಹೆಂಗಸರು 1966ರಲ್ಲಿ ಕಟ್ಟಿಕೊಂಡ ಸಹಕಾರ ಸಂಘ 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ದಿಂಬಿನ ಕವರು ಹೊಲಿದು ಕೊಡುವ ಗುತ್ತಿಗೆ ಹಿಡಿಯಿತು. ಕವರುಗಳೆಲ್ಲ ಒಂದೇ ಅಚ್ಚು. ಆದರೆ ಉಳಿದ ಕಾರ್ಡುರಾಯ್ ತುಂಡುಗಳನ್ನು ಅವರು ಮನೆಗೆ ಒಯ್ದು ತಮಗೆ ಬೇಕಾದ ಹಾಗೆ ಕ್ವಿಲ್ಟ್ ಮಾಡಿಕೊಂಡರು. ಇವತ್ತು ಜನ ನಿಂತು ನೋಡೋದು ಆ ಉಳಿಕೆಯದ್ದನ್ನು. ಸಂಡೂರಿನ ಬೂದು ಕುಶನ್ ಹೊಲಿದ ಹೆಂಗಸರು ಮನೆಗೆ ಹೋಗಿ ತಮಗೆ ಅಂತ ಏನು ಹೊಲಿದುಕೊಳ್ತಾರೆ ಅನ್ನೋದನ್ನು ಯಾರಾದರೂ ಪ್ರದರ್ಶನ ಮಾಡಿದರೆ ನಾನು ರಜೆ ಹಾಕಿ ಹೋಗ್ತೀನಿ.

ಹೆಸರಿನ ವಿಷಯದಲ್ಲಿ ನನಗೆ ಬಹಳ ಖಚಿತ ಅಭಿಪ್ರಾಯ ಇತ್ತು: ಹೊಲಿದವರ ಹೆಸರು ಹಾಕಲೇಬೇಕು. ಅದು ಅಲುಗಾಡಿದ್ದು ಕಂಪ್ಲಿಯಲ್ಲಿ.

ಅಲ್ಲಿ ಒಬ್ಬರು ವಯಸ್ಸಾದ ಹೆಂಗಸು ಮನೆಮನೆಗೆ ಬಂದು ಕೌದಿ ಹೊಲಿದು ಕೊಡ್ತಾರೆ. ಸುಗ್ಗಿ ಮುಗಿದ ಮೇಲೆ ‘ಕೌದಿ ಹೊಲಸ್ತೀರೇನ್ರೀ’ ಅಂತ ಓಣಿಯಲ್ಲಿ ಕೂಗಿಕೊಂಡು ಬರ್ತಾರೆ, ಕಟ್ಟೆಯ ಮೇಲೆ ಕೂತೇ ಹೊಲೀತಾರೆ. ಹೋದ ವರ್ಷ ಮಾವನ ಮನೆಗೆ ಒಂದು ದೊಡ್ಡ ಕೌದಿ ಹೊಲಿದಿದ್ದರು. 1,800 ಕೇಳಿದ್ದರು, ಅಮ್ಮ ಚೌಕಾಸಿ ಮಾಡಿ 1,400ಕ್ಕೆ ಒಪ್ಪಿಸಿದ್ದಳು. ನಾನೂ ಅಲ್ಲೇ ಇದ್ದೆ, ಜಾಣೆ ಅಮ್ಮ ಅಂತ ಮನಸ್ಸಲ್ಲೇ ಮೆಚ್ಚಿಕೊಂಡಿದ್ದೆ ಕೂಡ. ಒಂಬತ್ತು ದಿನ, ದಿನಕ್ಕೆ ಸುಮಾರು ಆರು ಗಂಟೆ ಹೊಲಿದರು. ಭಾಗಿಸಿ ನೋಡಿದರೆ ಗಂಟೆಗೆ 26 ರೂಪಾಯಿ. ದಿನಕ್ಕೆ 155. ಕರ್ನಾಟಕದಲ್ಲಿ 2024-25ರ ನರೇಗಾ ದಿನಗೂಲಿ 349 ರೂಪಾಯಿ, ಅದರ ಅರ್ಧವೂ ಆಗಲಿಲ್ಲ.

ಆ ಲೆಕ್ಕವನ್ನು ಅವತ್ತು ನಾನು ಮಾಡಿರಲಿಲ್ಲ. ಮಾಡಿದ್ದು ನನ್ನ ಕೌದಿಗೆ ಕೂತ ಮೇಲೆ. ಟೆಸ್ಟಿಂಗ್ ಕೆಲಸದವಳ ಚಟ, ಪ್ರತಿ ಸಲ ಕೂತಾಗಲೂ ಫೋನಿನಲ್ಲಿ ಟೈಮರ್ ಹಾಕ್ತಿದ್ದೆ. ಒಬ್ಬರು ಹೊದೆಯುವಷ್ಟು ಅಳತೆಯ ಕೌದಿ, ಮುಕ್ಕಾಲು ಮುಗಿಯುವಾಗ 112 ಗಂಟೆ. ನನ್ನ ಕೈ ನಿಧಾನ, ಒಪ್ಪಿದೆ. ಆದರೆ ಬೆನ್ನು ನೋಯೋದು, ಕಣ್ಣು ಉರಿಯೋದು, ಬೆರಳ ತುದಿ ಜಡ್ಡುಗಟ್ಟೋದು ಅವರಿಗೂ ಅಷ್ಟೇ. ಅಜ್ಜಿಯ ಕಾಲದಲ್ಲಿ ಬಟ್ಟೆಗೆ ಬೆಲೆ ಇತ್ತು, ಹೆಂಗಸಿನ ಮಧ್ಯಾಹ್ನಕ್ಕೆ ಇರಲಿಲ್ಲ. ಅದಕ್ಕೇ ಕೌದಿ ಹುಟ್ಟಿತು. ಈಗ ಬಟ್ಟೆ ಬಿಟ್ಟಿ ಅನ್ನುವಷ್ಟು ಅಗ್ಗ. ಮಧ್ಯಾಹ್ನ ದುಬಾರಿಯಾಗಿರೋದು ನನ್ನದು ಮಾತ್ರ, ಅವರದ್ದು ಇನ್ನೂ 155ರಲ್ಲೇ ಇದೆ. ಹೊಲಿಗೆಗೆ ವಾಪಸ್ ಬನ್ನಿ ಅನ್ನುವ ಬರಹಗಳಲ್ಲಿ ಈ ಮಾತು ನನಗೆ ಸಿಗಲಿಲ್ಲ. 11,500ರ ಆ ಕೌದಿಯ ಚೀಟಿಯಲ್ಲಿ ನೂಲು, ಬಣ್ಣ, ಪರಂಪರೆಯ ವಿವರ ಎಲ್ಲ ಇತ್ತಂತೆ. ಗಂಟೆಗೆ ಎಷ್ಟು ಅಂತ ಇರಲಿಲ್ಲ.

ಈ ಸಲ ಊರಿಗೆ ಹೋದಾಗ ನನ್ನ ಕೌದಿ ಹೊತ್ತುಕೊಂಡು ಕಂಪ್ಲಿಗೆ ಹೋದೆ. ಅವರು ಕಟ್ಟೆಯ ಮೇಲೆ ಹಾಸಿಕೊಂಡು ಮೇಲಿನ ತುಂಡುಗಳನ್ನು ನೋಡಲೇ ಇಲ್ಲ. ಸೀದಾ ಮಗುಚಿದರು. ಅಂಗೈಯಿಂದ ಉದ್ದಕ್ಕೂ ಸವರಿದರು.

‘ಯಾರ ಸೀರಿವು?’

‘ಅಜ್ಜಿದು.’

‘ಹತ್ತೀವು. ಈಗ ಇಂಥವು ಯಾರ ಮನ್ಯಾಗೂ ಸಿಗಂಗಿಲ್ಲ ಯವ್ವಾ. ಎಲ್ಲಾರೂ ಜಾರಿಕಿ ಸೀರಿ ತಂದು ಕೊಡ್ತಾರ, ಸೂಜಿ ನಿಂದ್ರಂಗಿಲ್ಲ.’

ಅವರ ಬಗ್ಗೆ ಬರೀತೀನಿ, ಹೆಸರು ಹಾಕಲಾ ಅಂತ ಕೇಳಿದೆ. ಜಿ-20, ಜೀಸ್ ಬೆಂಡ್ ಎಲ್ಲ ತಲೆಯಲ್ಲಿಟ್ಟುಕೊಂಡು, ಸ್ವಲ್ಪ ಉದಾರಿಯ ದನಿಯಲ್ಲೇ ಕೇಳಿದೆ ಅನ್ಸುತ್ತೆ. ‘ಹೋದ ಸಲದ ರೇಟೂ ಬರೀತಿ?’ ಅಂದರು. ಹೂಂ ಅಂದೆ. ‘ಹಂಗಾರ ಹೆಸರು ಬ್ಯಾಡ. ಹೆಸರು ಹಾಕಿ ರೇಟು ಹಾಕಿದ್ರ ಎಲ್ಲಾರೂ ಅದ ರೇಟಿಗೆ ಕೇಳ್ತಾರ.’ ಅಮ್ಮ ಒಳಗಿನಿಂದ ಚಹಾ ತರುತ್ತಿದ್ದವಳು ಬಾಗಿಲಲ್ಲೇ ನಿಂತಳು.

ಉಳಿದ ಕಾಲು ಭಾಗವನ್ನು ಅವರೇ ಮುಗಿಸಿ ಕೊಡಲಿ, ಎಷ್ಟು ಹೇಳ್ತೀರೋ ಅಷ್ಟು, ಚೌಕಾಸಿ ಇಲ್ಲ ಅಂದೆ. ಅವರು ಇನ್ನೊಮ್ಮೆ ಹಿಂಬದಿಯನ್ನು ನೋಡಿದರು. ನನ್ನ ಸಾಲುಗಳು ಶುರುವಿನಲ್ಲಿ ಬೆರಳಂತರ ಇದ್ದದ್ದು ನಡುವಿಗೆ ಬರುವಷ್ಟರಲ್ಲಿ ಎರಡು ಬೆರಳಾಗಿದ್ದವು, ಒಂದು ಕಡೆ ಒಳಗಿನ ಪದರ ಸುಕ್ಕುಗಟ್ಟಿ ಗುಡ್ಡೆಯಾಗಿತ್ತು. ಅಲ್ಲಿಗೆ ಬೆರಳಿಟ್ಟು, ‘ಮುಗಿಸ್ಲಿಕ್ಕೆ ಎಂಟು ನೂರು ಕೊಡು. ಇದನ್ನ ಬಿಚ್ಚಬೇಕು, ಅದಕ್ಕ ಬ್ಯಾರೆ ಆರು ನೂರು’ ಅಂದರು.